ಅಕ್ಕನ ಕಾಲಿನ ಉರಿ

ಚಾಮರಾಜನಗರ
14-8-1996

ಚಿರಂಜೀವಿ ತಮ್ಮ ಮೃತ್ಯುಂಜಯನಿಗೆ, ನಿನ್ನ ಅಕ್ಕ ನಾಗಲಕ್ಷ್ಮಿಯ ಆಶೀರ್ವಾದಗಳು.

ನಿನ್ನ ಕಾಗದ, ಅದರ ಜೊತೆ ಅಚ್ಚಾಗಿ ಬಂದ ನಿನ್ನ ಲೇಖನ ಎರಡೂ ಗುಂಡ್ಲುಪೇಟೆಯಲ್ಲಿರುವಾಗಲೇ ಕೈಸೇರಿದವು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಮೇಲಿನ ವಿಳಾಸ ನೋಡಿ ಗಾಬರಿಯಾಗಲೂಬೇಡ. ಈಗ ಮಲ್ಲಮ್ಮ ಚಿಕ್ಕಮ್ಮನ ಮನೆಯಲ್ಲಿದ್ದೇನೆ.

ಲೇಖನ ಇಂಗ್ಲಿಷಿನಲ್ಲಿತ್ತು. ಕಾಗದದಲ್ಲಿ ನೀನು ಬಿಡಿಸಿ ಹೇಳಿದ್ದು ಅರ್ಥವಾಯಿತು. ಇಲಿಯ ಕಾಲಿನ ನರಕ್ಕೆ ಪೆಟ್ಟಾದರೆ ಬೆನ್ನುಹುರಿಯೊಳಗೆ ನೋವಿನ ಸುದ್ದಿ ದಾಟಿಸುವ ರಾಸಾಯನಿಕಗಳಾದ ನ್ಯೂರೋಪೆಪ್ಟೈಡ್‌ಗಳು ಏರುಪೇರಾಗುತ್ತವೆ, ಕೆಲವು ಇಳಿಯುತ್ತವೆ, ಕೆಲವು ಹೊಸದಾಗಿ ಹೆಚ್ಚುತ್ತವೆ, ಗಾಯ ಮಾಯ್ದ ಮೇಲೂ ಕೂದಲೆಳೆಯಂಥ ದಾರ ತಾಗಿದರೆ ಇಲಿ ಕಾಲೆಳೆದುಕೊಳ್ಳುತ್ತದೆ ಎಂದು ಬರೆದಿದ್ದೆ. ಓದಿ ಅತ್ತುಬಿಟ್ಟೆ. ಜ್ವರಕ್ಕೆ ಚುಚ್ಚಿದ ಇಂಜೆಕ್ಷನ್ ಸೊಂಟದ ಕೆಳಗೆ ನರಕ್ಕೆ ತಗುಲಿದಾಗಿನಿಂದ ನನಗೂ ಸೀರೆಯ ಅಂಚು ಪಾದಕ್ಕೆ ಸೋಕಿದರೆ ಕೆಂಡ ಇಟ್ಟ ಹಾಗಾಗುತ್ತದೆ.

ನಿಮ್ಮ ಭಾವನಿಗೆ ಓದಿ ಹೇಳಿದೆ. ಅಂಗಡಿಗೆ ಹೊರಟಿದ್ದವರು ನಕ್ಕರು. "ಇಲಿಗೆ ಬಂದಿದ್ದೆಲ್ಲ ನಿಂಗೂ ಬರ್ಬೇಕಾ? ಗಾಯ ಎಲ್ಲದೆ, ತೋರ್ಸು" ಅಂದರು. ಹಬ್ಬದ ದಿನ ಉರಿಯದ ಕಾಲು ಒಲೆ ಮುಂದೆ ಮಾತ್ರ ಹೇಗೆ ಉರಿಯುತ್ತದೆ ಎಂದು ಅತ್ತೆ ಕೇಳಿದರು. ಮೈಸೂರಿನ ಡಾಕ್ಟರು ಬರೆದುಕೊಟ್ಟ ಮಾತ್ರೆ ತರುವುದನ್ನು ನಿಮ್ಮ ಭಾವ ಅದಾಗಲೇ ನಿಲ್ಲಿಸಿದ್ದರು.

ಮಾರನೆಯ ದಿನ ಒಬ್ಬಳೇ ಇಲ್ಲಿಗೆ ಬಸ್ಸು ಹತ್ತಿದೆ. ತೆರಕಣಾಂಬಿ ದಾಟುವವರೆಗೂ ಸೀಟು ಸಿಗಲಿಲ್ಲ. ಯಾರದೋ ಚೀಲ ಕಾಲಿಗೆ ಉಜ್ಜುತ್ತಿತ್ತು. ಹಲ್ಲು ಕಚ್ಚಿ ನಿಂತೆ. ಇಲ್ಲಿನ ಡಾಕ್ಟರು ಪಾದಕ್ಕೆ ಹತ್ತಿ ಸವರಿ ನೋಡಿ, "ನರ ಕೆಟ್ಟದಮ್ಮ. ನೋವು ನಿಜ್ವೇ" ಅಂದರು. ಪೂರ್ತಿ ವಾಸಿಯಾಗುವುದು ಕಷ್ಟವಂತೆ. ಮತ್ತೆ ಮಾತ್ರೆ ಶುರುವಾಗಿ ಉರಿ ಸ್ವಲ್ಪ ತಗ್ಗಿದೆ. ನಾಟಕ ಮುಗಿಸಿ ಬರುವುದಾದರೆ ಬರಲಿ ಎಂದು ನಿಮ್ಮ ಭಾವ ಹೇಳಿಕಳಿಸಿದ್ದರು. ನಾನು ಹೋಗುವುದಿಲ್ಲ. ಚಿಕ್ಕಮ್ಮನ ಜೊತೆ ಹಪ್ಪಳ ಒತ್ತುತ್ತಿದ್ದೇನೆ.

ನಿನ್ನ ಕೆಲಸಕ್ಕೆ ಒಳ್ಳೆಯ ಹೆಸರು ಬರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅಕ್ಕ,
ನಾಗಲಕ್ಷ್ಮಿ

ತಾ.ಕ.: ಯುಗಾದಿಗೆ ನೀನು ಬಂದಾಗ ಜಗುಲಿಯಲ್ಲಿ ನಿಮ್ಮ ಭಾವ ನನ್ನ ಮಾತ್ರೆಯ ವಿಷಯ ಕೇಳಿದರು. "ಅಕ್ಕ ಮೊದ್ಲಿಂದ್ಲೂ ಒಂದಕ್ಕೆ ಹತ್ತು ಮಾಡ್ತಳೆ ಬುಡಿ ಭಾವ. ತಾನಾಗೇ ಸರಿಯಾಯ್ತಳೆ" ಅಂತ ನೀನು ಅಂದೆ. ನಾನು ಕಾಫಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಅವತ್ತಿನಿಂದಲೇ ಅವರು ಮಾತ್ರೆ ನಿಲ್ಲಿಸಿದ್ದು. ಬಾಯಿಲ್ಲದ ಇಲಿಯನ್ನು ನೀನು ನಂಬಿದೆ. ನಾನು ಬಾಯಿಬಿಟ್ಟು ಹೇಳಿದ್ದೆ. ಈ ಸಲ ಗೌರಿ ಹಬ್ಬಕ್ಕೆ ತವರಿನ ಬಾಗಿನ ತರಬೇಡ.