ಬಂಟ್ವಾಳದಲ್ಲಿ ಬಸ್ಸು ನಿಂತ ಹತ್ತು ನಿಮಿಷ

ಬಂಟ್ವಾಳ
20-11-1957, ಬುಧವಾರ

ಪ್ರೀತಿಯ ತಂಗಿ ಎವ್ಜಿನ್‌ಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಆರೋಗ್ಯ ಹೇಗಿದೆ? ಬೆಳ್ತಂಗಡಿಯ ಕಡೆ ಚಳಿ ಬೇಗ ಸುರುವಾಗುತ್ತದೆಯಂತೆ, ಘಟ್ಟದ ಬುಡವಲ್ಲವೇ. ಚಿಕ್ಕವಳಿದ್ದಾಗ ನೀನು ತಣ್ಣೀರಿಗೆ ಕಾಲಿಟ್ಟರೆ ಸಾಕು, ಎಂಟು ದಿನ ಕೆಮ್ಮುತ್ತಿದ್ದೆ. ಈಗ ನಸುಕಿಗೆ ಎದ್ದು ಬರಿಗಾಲಲ್ಲಿ ಕಲ್ಲಿನ ನೆಲದ ಮೇಲೆ ಮೊಣಕಾಲೂರುತ್ತೀಯೆಂದು ಬರೆದಿದ್ದೀಯಲ್ಲ, ಅಲ್ಲಿ ಯಾರಾದರೂ ಒಂದು ಲೋಟ ಶುಂಠಿ ಕಷಾಯ ಕಾಸಿ ಕೊಡುತ್ತಾರೋ, ಅಥವಾ ಕೆಮ್ಮನ್ನೂ ದೇವರಿಗೆ ಒಪ್ಪಿಸಿಬಿಟ್ಟಿದ್ದೀಯೋ? ನಿನಗೆ ಸಿಸ್ಟರ್ ಮೇರಿ ಸಿಲ್ವೆಸ್ಟರ್ ಎಂದು ಗಂಡಸಿನ ಹೆಸರಿಟ್ಟು ಒಂಬತ್ತು ವರ್ಷವಾಯಿತು. ಲಕೋಟೆಯ ಮೇಲೆ ಅದನ್ನೇ ಬರೆದಿದ್ದೇನೆ. ಒಳಗೆ ಬರೆಯಲು ಮಾತ್ರ ಕೈ ಬರುವುದಿಲ್ಲ.

ಈ ಕಾಗದವನ್ನು ನಿನಗಿಂತ ಮೊದಲು ನಿಮ್ಮ ಮದರ್ ಸುಪೀರಿಯರ್ ಓದುತ್ತಾರೆ. ಅವರಿಗೆ ಕೊಂಕಣಿ ಬಾರದು, ಹಾಗಾಗಿ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಾವಿಬ್ಬರು ಶಾಲೆಯ ಕನ್ನಡದಲ್ಲಿ ಮಾತಾಡಬೇಕು. ಮದರ್, ನಿಮಗೂ ನನ್ನ ನಮಸ್ಕಾರ. ತಾವು ಸೌಖ್ಯವೆಂದು ನಂಬುತ್ತೇನೆ. ನನ್ನ ಅಕ್ಷರ ದೊಡ್ಡದಾಗಿ ಬಿಡಿಸಿ ಬರೆದಿದ್ದೇನೆ, ತಮ್ಮ ಕಣ್ಣಿಗೆ ತ್ರಾಸವಾಗಬಾರದು. ಕೆಲವು ಮಾತು ತಮಗೆ ಹಿತವಾಗಲಿಕ್ಕಿಲ್ಲ. ಆದರೂ ಕೊನೆಯವರೆಗೆ ಓದಿ, ಹಾಗೆಯೇ ಅವಳಿಗೆ ಕೊಡಿ ಎಂದು ಕೇಳಿಕೊಳ್ಳುತ್ತೇನೆ.

ಅಮ್ಮನ ಹೊಟ್ಟೆಯ ಗಡ್ಡೆ ಈಗ ಸೀರೆಯ ಮೇಲಿನಿಂದಲೇ ಕಾಣುತ್ತದೆ. ಮಂಗಳೂರಿನ ಡಾಕ್ಟರು ಸೆಪ್ಟೆಂಬರಿನಲ್ಲೇ ಕೈಚೆಲ್ಲಿದ್ದಾರೆ, ಅದು ನಿನಗೆ ಗೊತ್ತಿದೆ. ಆ ದಿನದಿಂದ ಅಮ್ಮನಿಗೆ ಇದ್ದದ್ದು ಒಂದೇ ಆಸೆ. ಔಷಧಿ ಬೇಡ, ಗಂಜಿ ಬೇಡ, ಎವ್ಜಿನಳ ಮುಖ ಒಂದು ಸಲ ನೋಡಬೇಕು. ಪಾದ್ರಿಗಳ ಕೈಯಲ್ಲಿ ಬರೆಸಿದೆವು. ಕೊನೆಯ ವ್ರತ ತೆಗೆದುಕೊಂಡ ಸಿಸ್ಟರು ತಾಯಿಮನೆಯ ಹೊಸ್ತಿಲು ತುಳಿಯುವ ನಿಯಮವಿಲ್ಲ ಎಂದು ಉತ್ತರ ಬಂತು. ಅದರ ಹಿಂದೆಯೇ ನಿನ್ನ ಕಾಗದವೂ ಬಂತು. ಅಮ್ಮಾ, ಎಲ್ಲವನ್ನೂ ದೇವರ ಕೈಗೆ ಬಿಟ್ಟುಬಿಡು, ಅವನನ್ನು ನಂಬು, ಶಾಂತಿ ಸಂತೋಷ ತಾನಾಗಿ ಬರುತ್ತದೆ ಎಂದು ಬರೆದಿದ್ದೆ. ಬರೆಯುವುದು ಸುಲಭ, ತಂಗೀ. ನಿನಗೆ ದೇವರ ಕರೆ ಬಂತು, ನೀನು ಹೋದೆ. ನನಗೂ ಕರೆ ಬರುತ್ತದೆ, ಒಳಕೋಣೆಯಿಂದ, ದಿನಕ್ಕೆ ನಲವತ್ತು ಸಲ. ಹೊಲಿಗೆ ಮಷೀನಿನಿಂದ ಎದ್ದು ಹೋಗಿ ಅವಳನ್ನು ಮಗ್ಗುಲು ಬದಲಿಸಿ ಮಲಗಿಸುತ್ತೇನೆ, ಬಟ್ಟೆ ಬದಲಿಸುತ್ತೇನೆ, ಬಂದು ಮತ್ತೆ ಕೂರುತ್ತೇನೆ. ಇದಕ್ಕೆ ಯಾರೂ ಹೊಸ ಹೆಸರು ಇಡಲಿಲ್ಲ.

ಆದರೆ ಅಮ್ಮ ನಿನ್ನ ಮಾತನ್ನು ನಿಜಕ್ಕೂ ಹಿಡಿದುಕೊಂಡಳು. ಜಪಸರ ಕೈಗೆ ತೆಗೆದುಕೊಂಡು, ಮಗಳು ಹೇಳಿದ್ದು ಸರಿ, ದೇವರಿಗೇ ಬಿಟ್ಟೆ, ತೋರಿಸುವುದಾದರೆ ಅವನೇ ತೋರಿಸಲಿ ಎಂದಳು. ಹದಿನೈದು ದಿನವೂ ಆಗಿರಲಿಲ್ಲ, ಬಸ್ ಏಜೆಂಟ್ ಸುಲೈಮಾನ್ ಮನೆಗೆ ಬಂದ. ಆಗ ನೀನಿದ್ದ ಮಂಗಳೂರಿನ ಕಾನ್ವೆಂಟಿನ ಕೆಲಸದವಳು ಎರಡು ಸೀಟು ಹೇಳಲು ಬಂದವಳು, ಬಂಟ್ವಾಳದ ಸಿಸ್ಟರಿಗೆ ಬೆಳ್ತಂಗಡಿಗೆ ವರ್ಗವಾಗಿದೆ ಎಂದು ಕಂಡಕ್ಟರನಿಗೆ ಹೇಳಿದ್ದಳಂತೆ. ಸುಲೈಮಾನ್ ಬಾಗಿಲಲ್ಲೇ ನಿಂತು, "ಬಾಯಮ್ಮಾ, ಹನ್ನೆರಡನೇ ತಾರೀಕಿಗೆ ನಿಮ್ಮ ಮಗಳು ನಮ್ಮ ಬಸ್ಸಲ್ಲೇ ಹೋಗ್ತಾರೆ. ನೀವು ಸ್ಟ್ಯಾಂಡಿಗೆ ಬಂದು ಕೂತ್ಕೊಳ್ಳಿ, ಉಳಿದದ್ದು ನಾನು ನೋಡ್ತೇನೆ" ಎಂದ. ಅಮ್ಮ ನನ್ನ ಮುಖ ನೋಡಿ ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳ ಹಲ್ಲು ಕಂಡದ್ದು ಅಂದೇ. ನಿನಗೆ ಮೊದಲೇ ತಿಳಿಸಬೇಕೆಂದು ನನಗೆ ಅನಿಸಿತ್ತು, ಆದರೆ ಕಾಗದ ಅಲ್ಲಿನ ಮದರ್ ಕೈಗೆ ಹೋದರೆ ನಿಮ್ಮನ್ನು ಬೇರೆ ದಾರಿಯಲ್ಲಿ ಕಳುಹಿಸಿಬಿಟ್ಟಾರೆಂದು ಹೆದರಿ ಸುಮ್ಮನಾದೆ. ಮದರ್, ಕ್ಷಮಿಸಿ. ಹೆದರಿದ್ದು ನಿಜ.

ಹೋದ ವಾರ ಮಂಗಳವಾರ ಬೆಳಗ್ಗೆ ಅಮ್ಮ ಪೆಟ್ಟಿಗೆಯ ತಳದಲ್ಲಿದ್ದ ಕಂದು ಸೀರೆ ತೆಗೆಸಿದಳು. ಅದನ್ನು ಅವಳು ಇಟ್ಟುಕೊಂಡದ್ದು ತನ್ನ ಹೆಣಕ್ಕೆ ಉಡಿಸಲೆಂದು. ಬೇಡಮ್ಮಾ, ಅಪಶಕುನ ಎಂದರೆ ಕೇಳಲಿಲ್ಲ. "ಇದಕ್ಕಿಂತ ದೊಡ್ಡ ದಿನ ಇನ್ನೊಂದು ಉಂಟಾ ನನಗೆ?" ಎಂದುಬಿಟ್ಟಳು. ಪಕ್ಕದ ತುಕ್ರಪ್ಪ ಮತ್ತು ಅವನ ಅಳಿಯ ಅವಳನ್ನು ಕೈಕುರ್ಚಿಯಲ್ಲಿ ಕೂರಿಸಿ ಇಗರ್ಜಿಯ ಗುಡ್ಡೆಯಿಂದ ಇಳಿಸಿದರು. ಪ್ರತಿ ಹೆಜ್ಜೆಗೂ ಹೊಟ್ಟೆ ಕಿತ್ತು ಬರುತ್ತಿದ್ದಿರಬೇಕು, ತುಟಿ ಕಚ್ಚಿ ಕೂತಿದ್ದಳು, ಒಂದು ಸಲವೂ ಅಮ್ಮಾ ಎನ್ನಲಿಲ್ಲ. ಬಸ್ಸು ಬರುವುದಕ್ಕೆ ಒಂದೂವರೆ ಗಂಟೆ ಮೊದಲೇ ನಾವು ಅಲ್ಲಿದ್ದೆವು. ಮೀನಿನ ಬುಟ್ಟಿ ಇಳಿಸಿ ಕೂತ ಆಸ್ಯಮ್ಮ ತನ್ನ ಶಾಲಿನ ತುದಿಯಿಂದ ಅವಳಿಗೆ ಗಾಳಿ ಹಾಕಿದಳು.

ಬಸ್ಸು ಬಂತು. ನೀನು ಎರಡನೆಯ ಸೀಟಿನಲ್ಲಿದ್ದೆ, ಕಿಟಕಿಯ ಬದಿಗೇ. ಪಕ್ಕದಲ್ಲಿ ವಯಸ್ಸಾದ ಸಿಸ್ಟರೊಬ್ಬರು. ಸುಲೈಮಾನ್ ಕೊಟ್ಟ ಮಾತು ಉಳಿಸಿದ. ಇಂಜಿನ್ ಕಾದಿದೆ, ನೀರು ಹಾಕದೆ ಹೋದರೆ ಪುಂಜಾಲಕಟ್ಟೆಯಲ್ಲಿ ಎಲ್ಲರೂ ಇಳಿದು ದೂಡಬೇಕಾದೀತು ಮಾರಾಯ್ರೇ ಎಂದು ಬೊಬ್ಬೆ ಹಾಕಿ, ಹೊಳೆಯಿಂದಲೇ ನೀರು ತರಿಸಿದ. ಹತ್ತು ನಿಮಿಷ ಬಸ್ಸು ನಿಂತಿತ್ತು, ಎವ್ಜಿನ್. ನಾವು ಕುರ್ಚಿಯನ್ನು ನಿನ್ನ ಕಿಟಕಿಯಿಂದ ನಾಲ್ಕು ಮಾರು ದೂರಕ್ಕೆ ತಂದೆವು. ಅಮ್ಮ ಕೈ ಎತ್ತಿದಳು. ನೀನು ತಲೆ ತಗ್ಗಿಸಿಕೊಂಡು, ಕೈಗಳನ್ನು ನಿಲುವಂಗಿಯ ತೋಳಿನೊಳಗೆ ತೂರಿಸಿ, ತುಟಿ ಅಲ್ಲಾಡಿಸುತ್ತ ಕೂತಿದ್ದೆ. ನಾನು ಹೆಸರು ಹಿಡಿದು ಕೂಗಿದೆ. ಮತ್ತೊಮ್ಮೆ ಕೂಗಿದೆ, ಸ್ಟ್ಯಾಂಡಿನವರೆಲ್ಲ ತಿರುಗಿ ನೋಡುವಷ್ಟು. ನಿನ್ನ ಜೊತೆಯ ಮುದುಕಿ ಸಿಸ್ಟರ್ ಕೂಡ ನೋಡಿದರು. ನೀನು ನೋಡಲಿಲ್ಲ. ಬಸ್ಸು ಹೊರಟು ಧೂಳೆದ್ದಾಗ ಅಮ್ಮನ ಕೈ ಇನ್ನೂ ಮೇಲೆಯೇ ಇತ್ತು.

ನಾನು ಅಮ್ಮನ ಕಡೆ ತಿರುಗಲು ಹೆದರಿದೆ. ತಿರುಗಿದರೆ ಅವಳು ಅಳುತ್ತ ನಗುತ್ತಿದ್ದಾಳೆ. "ನೋಡಿದಳು, ಕಾರ್ಮಿನ್. ನೀನು ಕೂಗಿದಾಗ ಓರೆಗಣ್ಣಲ್ಲಿ ನೋಡಿದಳು, ನಕ್ಕಳು. ಚಿಕ್ಕವಳಿದ್ದಾಗಲೂ ಹಾಗೇ ಅಲ್ಲವಾ ನೋಡ್ತಿದ್ದದ್ದು?" ಎಂದಳು. ಎಲ್ಲಿ ನೋಡಿದಳಮ್ಮಾ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಆಸ್ಯಮ್ಮ ನನ್ನ ಕೈ ಗಟ್ಟಿಯಾಗಿ ಅದುಮಿ, "ಹೌದು ಬಾಯಮ್ಮಾ, ನಾನೂ ಕಂಡೆ" ಎಂದುಬಿಟ್ಟಳು. ಬೇರೆ ಜಾತಿಯ ಮೀನಿನವಳಿಗೆ ಇದ್ದ ಕರುಣೆ ಇದು.

ಅಂದಿನಿಂದ ಅಮ್ಮ ಬೇರೆಯೇ ಹೆಂಗಸಾಗಿದ್ದಾಳೆ. ನಿದ್ದೆಗೆಂದು ಡಾಕ್ಟರು ಕೊಟ್ಟ ಔಷಧಿಯ ಬಾಟಲಿ ಮುಟ್ಟಿಲ್ಲ. ನೋವು ಇದೆ, ನರಳುವುದಿಲ್ಲ. ಬಂದವರಿಗೆಲ್ಲ, ನಾನು ದೇವರಿಗೆ ಬಿಟ್ಟೆ, ಅವನು ಮಗಳನ್ನು ಬಸ್ಸಿನಲ್ಲಿ ಕೂರಿಸಿ ಮನೆಯ ಬುಡಕ್ಕೇ ಕಳುಹಿಸಿದ, ಇನ್ನು ಅವನು ಕರೆದಾಗ ಹೋಗಲು ತಯಾರು ಎಂದು ಹೇಳುತ್ತಾಳೆ. ಹಾಸಿಗೆಯಲ್ಲಿ ಮಲಗಿ ಸಣ್ಣ ದನಿಯಲ್ಲಿ ಹಾಡುತ್ತಾಳೆ ಕೂಡ. ಅವಳ ಮುಖ ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ನನಗೆ ಅಂಥ ನಂಬಿಕೆ ಯಾಕೆ ಬರಲಿಲ್ಲ ಎಂದು ಕೇಳಿಕೊಳ್ಳುತ್ತೇನೆ. ಯಾಕೆಂದರೆ ನನ್ನ ಕಣ್ಣು ಚೆನ್ನಾಗಿದೆ, ಅವಳದಕ್ಕೆ ಪೊರೆ ಬಂದಿದೆ.

ಮೊನ್ನೆ ಸೋಮವಾರ ಪೋಸ್ಟಿನ ಶಂಭು ನಿನ್ನ ಕಾಗದ ತಂದ. ಅಮ್ಮನ ಎದುರಿನಲ್ಲೇ, ಸಿಸ್ಟರಮ್ಮನ ಕಾಗದ ಎಂದು ಕೂಗಿಕೊಂಡೇ ಬಂದ. ನಾನು ಎಂದಿನಂತೆ ಕನ್ನಡ ಓದಿ ಅಮ್ಮನಿಗೆ ಕೊಂಕಣಿಯಲ್ಲಿ ಹೇಳುತ್ತ ಹೋದೆ. ಹೊಸ ಜಾಗ, ಹೊಸ ಮಕ್ಕಳು, ಎಲ್ಲ ಸರಿ. ಮೂರನೆಯ ಪ್ಯಾರಾವನ್ನು ಮನಸ್ಸಿನಲ್ಲೇ ಓದಿಕೊಂಡೆ. ಬಂಟ್ವಾಳದಲ್ಲಿ ಬಸ್ಸು ಬಹಳ ಹೊತ್ತು ನಿಂತಿತು, ಯಾರೋ ನನ್ನ ಹಳೆಯ ಹೆಸರು ಹಿಡಿದು ಕೂಗಿದ ಹಾಗಾಯಿತು, ಅದು ಸೈತಾನನ ಶೋಧನೆಯೆಂದು ತಿಳಿದು ಕಣ್ಣು ಎತ್ತಲಿಲ್ಲ, ನಮ್ಮ ಇಗರ್ಜಿಯ ಗೋಪುರವನ್ನೂ ನೋಡಲಿಲ್ಲ, ಆ ತ್ಯಾಗವನ್ನು ಅಮ್ಮನ ಆರೋಗ್ಯಕ್ಕಾಗಿ ದೇವರಿಗೆ ಅರ್ಪಿಸಿದೆ, ಆಗ ನನ್ನ ಮನಸ್ಸಿಗಾದ ಶಾಂತಿ ಸಂತೋಷ ಹೇಳಲಾರೆ ಎಂದು ಬರೆದಿದ್ದೀಯಲ್ಲ. ಯಾರೋ ಅಂತೆ. ಹುಟ್ಟಿದಾಗಿನಿಂದ ಕೇಳಿದ ನನ್ನ ದನಿ ನಿನಗೆ ಯಾರದೋ ಆಯಿತೇ? ನೀನು ಅರ್ಪಿಸಿದ್ದು ಯಾರ ವಸ್ತು, ಎವ್ಜಿನ್? ನಿನ್ನದಲ್ಲ. ಸಾಯುವ ಹೆಂಗಸೊಬ್ಬಳು ದೇವರ ಹತ್ತಿರ ಬೇಡಿ ಪಡೆದದ್ದನ್ನು ಅವಳ ಕೈಯಿಂದ ಕಿತ್ತು ಅವನಿಗೇ ವಾಪಸು ಕೊಟ್ಟೆ. ಒಂದೇ ಬಸ್ಸು, ಒಂದೇ ಹತ್ತು ನಿಮಿಷ. ನೋಡಿದಳೆಂದು ಅಮ್ಮನಿಗೆ ಶಾಂತಿ, ನೋಡಲಿಲ್ಲವೆಂದು ನಿನಗೆ ಶಾಂತಿ. ನಾನು ಧೂಳು ಕುಡಿದು ಮನೆಗೆ ಬಂದೆ.

ಇಷ್ಟನ್ನೂ ನಿನ್ನನ್ನು ನೋಯಿಸಲೆಂದೇ ಬರೆದೆ, ಸುಳ್ಳು ಹೇಳುವುದಿಲ್ಲ. ಆದರೆ ನಿನಗೆ ಸೊಕ್ಕೆಂದು ನಾನು ತಿಳಿದಿಲ್ಲ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವುದು ನಿನ್ನ ಹುಟ್ಟುಗುಣ. ಒಲೆಯ ಹಾಲು ನೋಡುತ್ತಿರು ಎಂದರೆ ಉಕ್ಕಿ ಹರಿದರೂ ನೋಡುತ್ತಲೇ ಇರುತ್ತಿದ್ದವಳು ನೀನು. ಬೈದು ಬೈದು ಕೊನೆಗೆ ಅಮ್ಮನೂ ನಾನೂ ನಗುತ್ತಿದ್ದೆವು. ಈಗ ನಗು ಬರುವುದಿಲ್ಲ.

ನಿನಗೆ ಶಾಲೆಯಲ್ಲಿ ಕಲಿಸಿದ ನೀಲಾವತಿ ಟೀಚರು ನಿನ್ನನ್ನು ಕೇಳಿದರು. ಅಮ್ಮ ನಿನ್ನ ಹಣೆಗೆ ಶಿಲುಬೆಯ ಗುರುತು ಹಾಕುತ್ತಾಳಂತೆ. ಇಲ್ಲಿಂದಲೇ, ಗಾಳಿಯಲ್ಲಿ ಬೆರಳಾಡಿಸಿದಳು. ದೇವರು ನಿನ್ನ ಕೆಮ್ಮು ದೂರವಿಡಲಿ.

ನಿನ್ನ ಅಕ್ಕ,
ಕಾರ್ಮಿನ್

ತಾ. ಕ.: ಆ ಪ್ಯಾರಾ ನಾನು ಅಮ್ಮನಿಗೆ ಓದಿ ಹೇಳಲಿಲ್ಲ. ಅಮ್ಮ, "ಬಸ್ಸಿನ ಸುದ್ದಿ ಬರೆಯಲಿಲ್ಲವಾ?" ಎಂದು ಕೇಳಿದಳು. ಬರೆದಿದ್ದಾಳೆ, ನಿನ್ನನ್ನು ಕಂಡೆ, ಕಂದು ಸೀರೆ ಚಂದವಿತ್ತು ಎಂದು ಬರೆದಿದ್ದಾಳೆ ಎಂದೆ. ಕಾಗದ ಕಸಿದುಕೊಂಡು ತಲೆದಿಂಬಿನ ಅಡಿಗೆ ಇಟ್ಟಿದ್ದಾಳೆ. ಡಿಸೆಂಬರ್ ಆರು, ಮೊದಲ ಶುಕ್ರವಾರ, ಪಾದ್ರಿಗಳು ಪರಮಪ್ರಸಾದ ತಂದಾಗ ಅವರ ಬಾಯಿಂದ ಆ ಸಾಲು ಇನ್ನೊಮ್ಮೆ ಕೇಳಬೇಕಂತೆ. ಅವರು ಇದ್ದದ್ದನ್ನು ಇದ್ದ ಹಾಗೆ ಓದುವವರು, ಬೇಡಿಕೊಂಡರೂ ಬದಲಿಸುವವರಲ್ಲ. ಆದ್ದರಿಂದ ಅದೇ ಕಾಗದವನ್ನು ಅದೇ ತಾರೀಕು ಹಾಕಿ ಇನ್ನೊಮ್ಮೆ ಬರೆ. ಮೂರನೆಯ ಪ್ಯಾರಾದಲ್ಲಿ ನೀನು ಅಮ್ಮನನ್ನು ಕಂಡೆ, ನಕ್ಕೆ ಎಂದಿರಲಿ. ಅವಳಿಗೆ ನಿದ್ದೆ ಹತ್ತಿದಾಗ ಬದಲಿಸಿ ಇಡುತ್ತೇನೆ. ಸುಳ್ಳಿನ ಪಾಪ ನನ್ನ ಲೆಕ್ಕಕ್ಕಿರಲಿ, ಪಾಪನಿವೇದನೆಯಲ್ಲಿ ನಾನೇ ಹೇಳಿಕೊಳ್ಳುತ್ತೇನೆ. ಮದರ್, ಇದನ್ನು ಮಸಿಯಿಂದ ಅಳಿಸುವ ಮೊದಲು ತಮ್ಮ ತಾಯಿಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಎವ್ಜಿನ್, ನಿನ್ನ ಅಕ್ಷರ ನನಗೆ ಬಾರದ್ದಲ್ಲ, ಕೈಹಿಡಿದು ತಿದ್ದಿಸಿದವಳು ನಾನೇ. ಆ ಕಾಗದ ನಾನೇ ಬರೆದು ಇಟ್ಟರೆ ಪಾದ್ರಿಗಳಿಗೂ ತಿಳಿಯದು. ಆದರೂ ಬರೆಯುವುದಿಲ್ಲ. ನೀನೇ ಬರೆಯಬೇಕು. ಅಮ್ಮನಿಗಾಗಿ ನೀನು ಇಷ್ಟಾದರೂ ಮಾಡಿದೆ ಎಂದು ನನಗೆ ಗೊತ್ತಿರಬೇಕು.