ಆಯಿ ಹೊತ್ತು ತಂದ ಗಡಿಗೆ

ಕಮತಗಿ
೧೪ ಮೇ ೧೯೭೯

ಇಳಕಲ್ಲಿನ ಗುರುಲಿಂಗವ್ವ ದೊಡ್ಡವ್ವನಿಗೆ ಶಾರವ್ವನ ಶರಣು.

ನನ್ನ ಮದುವೆಯ ಕರೆಯೋಲೆ ಮುಟ್ಟಿರಬೇಕು. ಈ ಪತ್ರ ಬೇರೆ, ಇದನ್ನು ಗಟ್ಟಿಯಾಗಿ ಓದಬೇಡಿರಿ.

ನಿಜಾಮನ ಸೀಮೆಯ ನಮ್ಮ ಊರಿಗೆ ರಜಾಕಾರರು ನುಗ್ಗಿದಾಗ ಆಯಿ ಬಂಗಾರದ ಬೋರಮಾಳ ಸರ ಬಚ್ಚಿಟ್ಟ ಗಡಿಗೆಯೆಂದು ತಿಳಿದು ಮೊಸರಿನ ಗಡಿಗೆ ಹೊತ್ತು ಓಡಿಬಂದಳಂತೆ. ಅರ್ಧ ಮೊಸರು ದಾರಿಯಲ್ಲೇ ಚೆಲ್ಲಿತ್ತು. ಆಗ ನೀವು ನಮ್ಮವರಿಗೆ ನಿಮ್ಮ ಮಗ್ಗದ ಕೋಣೆಯಲ್ಲಿ ಜಾಗ ಕೊಟ್ಟಿರಿ. "ಬಂಗಾರ ಬಿಟ್ಟು ಮಸರ ತಂದಾಕಿ" ಎಂದು ಮುತ್ಯಾ ಸಾಯುವ ತನಕ ನಗುತ್ತಿದ್ದ. ಆದರೂ ಬಿಟ್ಟು ಬಂದ ಊರಿನದೆಂದು ನಮಗೆ ಉಳಿದದ್ದು ಆ ಹೆಪ್ಪೊಂದೇ. ಆಯಿ ಅದನ್ನು ಮೂವತ್ತೊಂದು ವರ್ಷ ಕಾಯ್ದಳು. ಗಂಡನ ಮನೆಗೆ ಮೊಮ್ಮಗಳಾದ ನಾನು ಅದನ್ನೇ ಒಯ್ಯಬೇಕೆಂದು ಅವಳ ಆಸೆ.

ಹೋದ ವಾರ ಮದುವೆ ಮನೆಯ ಹುರುಪಿನಲ್ಲಿ ಪಾತ್ರೆಯೆಲ್ಲ ತಿಕ್ಕುತ್ತ ತಳದಲ್ಲಿ ಹೆಪ್ಪಿದ್ದ ಆ ಗಡಿಗೆಯನ್ನೂ ಬಿಸಿನೀರು ಹಾಕಿ ತೊಳೆದುಬಿಟ್ಟೆ! ಈಗ ಆಯಿಗೆ ಗೊತ್ತಾಗದಂತೆ ನೆರೆಮನೆಯ ಹೆಪ್ಪು ಹಾಕುತ್ತಿದ್ದೇನೆ.

"ಮಸರ ಯಾಕ ಬ್ಯಾರೆ ಆಗೇತಿ?" ಎಂದು ಆಯಿ ದಿನಾ ಕೇಳುತ್ತಾಳೆ.

"ಬಿಸಲ ಭಾಳ ಐತಿ, ಆಯಿ" ಎನ್ನುತ್ತೇನೆ.

ಆಯಿ ಅಂದು ನಿಮಗೂ ಒಂದು ಬಟ್ಟಲು ಹೆಪ್ಪು ಕೊಟ್ಟಿದ್ದಳಲ್ಲ, ಅದು ನಿಮ್ಮ ಮನೆಯಲ್ಲಿ ಇನ್ನೂ ನಡೆದುಕೊಂಡು ಬಂದಿದೆ. ಮದುವೆಗೆ ಎರಡು ದಿನ ಮೊದಲೇ ಬನ್ನಿರಿ, ಬರುವಾಗ ಒಂದು ಗಡಿಗೆ ಮೊಸರು ತನ್ನಿರಿ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳಿರಿ. ಇಳಿದ ಮೇಲೆ ತುಳುಕದಂತೆ ನಿಧಾನವಾಗಿ ನಡೆದು ಬನ್ನಿರಿ. ಈ ಸಲ ಬೆನ್ನಟ್ಟುವವರು ಯಾರೂ ಇಲ್ಲ.

ನಿಮ್ಮ ದಾರಿ ಕಾಯುವ
ಶಾರವ್ವ