ಅತ್ತೆಯ ಹಾಡಿಗೊಂದು ಟರ್ನ್‌ಟೇಬಲ್

ಮಾರ್ಚ್ ೯, ಭಾನುವಾರ

ಇಂದು ನನ್ನ ಮಾತು ನಡೆದಿದ್ದರೆ ಮನೆಗೆ ಚಂದದ ಪೆಟ್ಟಿಗೆ ಬರುತ್ತಿತ್ತು, ಹಾಡು ಬರುತ್ತಿರಲಿಲ್ಲ.

ಹಳೇ ಮೇಜು, ಮಂಚ ಮಾರಿ ಮೇಲೆ ಬಂದವನು ನಾನು. ರೆಕಾರ್ಡ್ ಹಾಕಿ ಹಾಡು ಕೇಳುವ ಟರ್ನ್‌ಟೇಬಲ್ ಅಂಗಡಿಯಲ್ಲೂ ಕೈ ಸುಮ್ಮನಿರಲಿಲ್ಲ. ಸ್ಪೀಕರ್ ಒಳಗೇ ಇರುವ ಮರದ ಪೆಟ್ಟಿಗೆಯೊಂದನ್ನು ಬೆರಳಿನಿಂದ ಕುಟ್ಟಿ ನೋಡಿ, "ಗಟ್ಟಿ ಮಾಲು ಕಣೇ, ಬೆಲೆನೂ ನಮ್ಮ ಕೈಗೆಟುಕುತ್ತೆ. ಪ್ಯಾಕ್ ಮಾಡ್ಸೋಣ" ಎಂದೆ.

"ಏನ್ರೀ, ಹಾಡು ಕೇಳೋಕೆ ಬಂದಿದ್ದೀವೋ, ಮಂಚ ಕೊಳ್ಳೋಕೋ?" ಎಂದಳು ನನ್ನವಳು.

ಚೀಲದಿಂದ ತನ್ನಮ್ಮ ಹಾಡಿದ ರೆಕಾರ್ಡು ತೆಗೆದು ಹಾಕಿಸಿದಳು. ತೀರಿಕೊಂಡ ಅತ್ತೆಯ ದನಿ ಉಳಿದಿರುವುದು ಅದೊಂದರಲ್ಲೇ. ಎರಡು ಸಾಲು ಕೇಳುವಷ್ಟರಲ್ಲಿ ಮುಳ್ಳು ಎತ್ತಿಬಿಟ್ಟಳು. "ದನಿ ಅಲ್ಲಾಡ್ತಿದೆ. ನಮ್ಮಮ್ಮ ಹೀಗೆ ಹಾಡಿದೋಳಲ್ಲ. ಮುಳ್ಳೂ ಭಾರ, ರೆಕಾರ್ಡ್ ಗೀರಿ ಹಾಕುತ್ತೆ."

ಅಂಗಡಿಯವನು ಮೂಲೆಯಿಂದ ಕಪ್ಪನೆಯದೊಂದನ್ನು ತಂದ. ಅದೇ ಬೆಲೆ, ಅಂದವಿಲ್ಲ, ಸ್ಪೀಕರೂ ಇಲ್ಲ. ಆದರೆ ತಟ್ಟೆ ಅಲುಗದೆ ತಿರುಗುತ್ತದೆ, ಮುಳ್ಳಿನ ಭಾರವನ್ನು ಇಳಿಸಬಹುದು. ಸ್ಪೀಕರ್ ಮನೆಯಲ್ಲೇ ಇವೆ. ಅದನ್ನೂ ಕುಟ್ಟಲು ಹೋದ ನನ್ನ ಕೈಯನ್ನು ಅವಳು ಹಿಡಿದುಕೊಂಡಳು.

ಫೋಟೋದಲ್ಲಷ್ಟೇ ಕಂಡಿದ್ದ ಅತ್ತೆ ಸಂಜೆ ನಮ್ಮ ಕೋಣೆಯಲ್ಲಿ ಹಾಡಿದರು. ಗಟ್ಟಿ ದನಿ, ಸ್ವಲ್ಪ ಜಗಳಗಂಟಿ ದನಿ, ಥೇಟ್ ಇವಳದೇ. ಹಾಡಿನ ನಡುವೆ ಅವರು ಉಸಿರೆಳೆದುಕೊಂಡದ್ದೂ ಕೇಳಿಸಿತು. "ಕೇಳಿದ್ರಾ?" ಎಂದಳು.

ಇಂಥವಳು ಸಿಕ್ಕಿದ್ದು ನನ್ನ ವ್ಯಾಪಾರದ ಜಾಣತನದಿಂದಂತೂ ಅಲ್ಲ. ಆಚೆ ಕೋಣೆಯಲ್ಲಿ ಮತ್ತೆ ಅಮ್ಮನ ಹಾಡು ಹಾಕಿದ್ದಾಳೆ. ಬರೆದದ್ದು ಸಾಕು, ಹೋಗಿ ಪಕ್ಕದಲ್ಲಿ ಕೂರುತ್ತೇನೆ.